ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ: ರೈಲು ನೋಡಿ ಊರು ಆರಿಸೋದಾದರೆ

ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಸಾಕಾದವರು, ಊರಾಚೆ ಒಂದು ಸೈಟ್ ಮಾಡೋಣ ಅನ್ನುವವರು, ಸಣ್ಣ ವರ್ಕ್‌ಶಾಪ್‌ಗೆ ಶೆಡ್ ಹುಡುಕುವವರು, ಎಲ್ಲರೂ ಸುತ್ತಿ ಬಳಸಿ ಬಂದು ನಿಲ್ಲೋದು ಈ ಮೂರು ಹೆಸರಿನ ಮುಂದೆ. ರಸ್ತೆ ಲೆಕ್ಕದಲ್ಲಿ ಮೂರಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಚಿಕ್ಕಬಳ್ಳಾಪುರ 60 ಕಿ.ಮೀ. ಆಸುಪಾಸು, ಕೋಲಾರ ಮತ್ತು ತುಮಕೂರು 70ರ ಆಸುಪಾಸು. ಮೂರಕ್ಕೂ ರಾಷ್ಟ್ರೀಯ ಹೆದ್ದಾರಿ ಇದೆ, ಮೂರೂ ಕಡೆ ರೈಲು ನಿಲ್ದಾಣ ಇದೆ. ಲೇಔಟ್ ಬ್ರೋಶರ್‌ನಲ್ಲಿ ಇಷ್ಟೇ ಬರೆದಿರುತ್ತೆ. ಓದಿದರೆ ಮೂರೂ ಒಂದೇ ಅನ್ನಿಸುತ್ತೆ.

ರೈಲಿನ ವಿಷಯಕ್ಕೆ ಬಂದರೆ ಮೂರೂ ಒಂದೇ ಅಲ್ಲ, ಹತ್ತಿರ ಹತ್ತಿರವೂ ಅಲ್ಲ. ತುಮಕೂರು ದೊಡ್ಡ ಮಾರ್ಗದ ಮೇಲಿದೆ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಒಂದೇ ಒಂಟಿ ಹಳಿಯ ಕವಲು ಮಾರ್ಗದಲ್ಲಿವೆ. ಹಾಗಂತ ಆ ಎರಡು ಜಿಲ್ಲೆಗಳಿಗೆ ದೊಡ್ಡ ಮಾರ್ಗವೇ ಇಲ್ಲ ಅಂತಲ್ಲ. ಇದೆ, ಆದರೆ ಜಿಲ್ಲಾ ಕೇಂದ್ರದಲ್ಲಿ ಇಲ್ಲ. ಕೋಲಾರ ಜಿಲ್ಲೆಯಲ್ಲಿ ಅದು ಮಾಲೂರು, ಬಂಗಾರಪೇಟೆ ಮೇಲೆ ಹೋಗುತ್ತೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಗೌರಿಬಿದನೂರಿನ ಮೇಲೆ. ಹಾಗಾಗಿ ರೈಲು ನಂಬಿಕೊಂಡು ಬದುಕು ಕಟ್ಟುವವರು ಜಿಲ್ಲೆಯ ಹೆಸರು ಬಿಟ್ಟು ಸ್ಟೇಷನ್ ಹೆಸರಿನಿಂದ ಶುರು ಮಾಡಬೇಕು ಅನ್ನೋದು ನನ್ನ ವಾದ. ನಾನು ತುಮಕೂರಿನವನು, ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತೆ, ಅದನ್ನು ಕಳೆದು ಓದಿಕೊಳ್ಳಿ.

ಮೊದಲು ಹಳಿ ಎಷ್ಟು ಅಂತ ನೋಡಿ

ಮೂರು ಊರುಗಳನ್ನು ಹೋಲಿಸುವ ಮುಂಚೆ ಒಂದು ವಿಷಯ ತಿಳಿದುಕೊಂಡರೆ ಉಳಿದದ್ದು ಸುಲಭ. ಒಂಟಿ ಹಳಿಯಲ್ಲಿ ಎದುರಿನಿಂದ ರೈಲು ಬರುತ್ತಿದ್ದರೆ ಒಂದು ರೈಲು ಯಾವುದಾದರೂ ಸ್ಟೇಷನ್ನಿನ ಲೂಪ್‌ಲೈನಿಗೆ, ಅಂದರೆ ಪಕ್ಕದ ಹಳಿಗೆ, ಹೋಗಿ ನಿಲ್ಲಲೇಬೇಕು. ಕಿರಿದಾದ ಓಣಿಯಲ್ಲಿ ಎರಡು ಎತ್ತಿನಗಾಡಿ ಎದುರುಬದುರಾದಾಗ ಆಗುವ ಹಾಗೆ. ಇದಕ್ಕೇ ನಮ್ಮ ಕಡೆ 'ಕ್ರಾಸಿಂಗ್‌ಗೆ ಹಾಕಿದ್ದಾರೆ' ಅನ್ನೋದು. ಎದುರಿನ ರೈಲು ಹತ್ತು ನಿಮಿಷ ತಡವಾದರೆ ನಿಮ್ಮದೂ ಹತ್ತು ನಿಮಿಷ ತಡ. ಅದರ ಹಿಂದೆ ಬರುವುದಕ್ಕೂ ತಡ. ಯಾರಿಗೆ ಮೊದಲು ದಾರಿ ಅನ್ನುವ ಪ್ರಶ್ನೆ ಬಂದಾಗ ಪ್ಯಾಸೆಂಜರ್ ಗಾಡಿಯ ಸರದಿ ಸಾಮಾನ್ಯವಾಗಿ ಎಕ್ಸ್‌ಪ್ರೆಸ್ ಆದ ಮೇಲೇ.

ಎರಡನೇ ಹಳಿ ಬಿದ್ದರೆ ಈ ಕಾಯುವಿಕೆ ಹೋಗುತ್ತೆ. ಹೋಗುವುದಕ್ಕೆ ಒಂದು, ಬರುವುದಕ್ಕೆ ಒಂದು. ಆದ್ದರಿಂದ ಜೋಡಿ ಹಳಿ ಹಾಕಿದ ಮಾರ್ಗದಲ್ಲಿ ಓಡಿಸಬಹುದಾದ ರೈಲುಗಳು ಎರಡು ಪಟ್ಟಿಗಿಂತ ಜಾಸ್ತಿಯೇ ಆಗುತ್ತವೆ. ಊರಿಗೆ ರೈಲು ಬಂತು ಅನ್ನೋದಕ್ಕೂ, ಊರಿನವರು ದಿನಾ ರೈಲಲ್ಲಿ ಕೆಲಸಕ್ಕೆ ಹೋಗಿ ಬರಬಹುದು ಅನ್ನೋದಕ್ಕೂ ಮಧ್ಯೆ ಇರುವುದು ಈ ಎರಡನೇ ಹಳಿ. ವಿದ್ಯುದೀಕರಣ, ಹೊಸ ಬಣ್ಣ, ಸ್ಟೇಷನ್ ಮುಂದಿನ ಕಮಾನು, ಎಲ್ಲಾ ಒಳ್ಳೆಯದೇ. ಆದರೆ ಎರಡನೇ ಹಳಿ ಇಲ್ಲದಿದ್ದರೆ ಬೆಳಿಗ್ಗೆ ಎಂಟೂವರೆಗೆ ನಿಮ್ಮನ್ನು ಕೆಲಸಕ್ಕೆ ಮುಟ್ಟಿಸುವ ರೈಲು ಒಂದೋ ಎರಡೋ ಇರುತ್ತೆ, ಅಷ್ಟೆ.

ರೈಲ್ವೆಯವರು ಎಲ್ಲಿ ಎರಡನೇ ಹಳಿ ಹಾಕುತ್ತಾರೆ? ಇಲ್ಲಿ ಜನರ ಕೂಗಿಗಿಂತ ಗೂಡ್ಸ್ ಗಾಡಿಯ ತೂಕ ಜಾಸ್ತಿ. ಭಾರತೀಯ ರೈಲ್ವೆಯ ಆದಾಯದಲ್ಲಿ ದೊಡ್ಡ ಪಾಲು ಸರಕು ಸಾಗಣೆಯದು. ಪ್ಯಾಸೆಂಜರ್ ಟಿಕೆಟ್ ಅಗ್ಗವಾಗಿರುವುದೇ ಆ ಹಣದಿಂದ. ಕಲ್ಲಿದ್ದಲು, ಸಿಮೆಂಟ್, ಅದಿರು, ಪೆಟ್ರೋಲ್ ಹೋಗುವ ಮಾರ್ಗ ತುಂಬಿಹೋದಾಗ ಅಲ್ಲಿ ಡಬ್ಲಿಂಗ್ ಬೇಗ ಮಂಜೂರಾಗುತ್ತೆ. ತರಕಾರಿ ಬುಟ್ಟಿ, ಕಾಲೇಜು ಹುಡುಗರು, ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು ತುಂಬಿಕೊಂಡು ಹೋಗುವ ಕವಲು ಮಾರ್ಗ ಎಷ್ಟೇ ತುಂಬಿದರೂ ದೆಹಲಿಯ ಲೆಕ್ಕದ ಪುಸ್ತಕದಲ್ಲಿ ಅದು ನಷ್ಟದ ಬಾಬ್ತು. ಇದು ಸರಿಯೋ ತಪ್ಪೋ ಬೇರೆ ಮಾತು. ನಿಮ್ಮ ಮನೆ ಎಲ್ಲಿರಬೇಕು ಅನ್ನೋದಕ್ಕೆ ಇದು ಲೆಕ್ಕಕ್ಕೆ ಬರುತ್ತೆ.

ತುಮಕೂರು

1876ರಿಂದ 1878ರವರೆಗಿನ ದೊಡ್ಡ ಬರದ ನಂತರ ಮೈಸೂರು ಸಂಸ್ಥಾನ ರೈಲು ಹಾಕುವುದಕ್ಕೆ ಜೋರಾಗಿ ಕೈ ಹಾಕಿತು. ಧಾನ್ಯ ಇರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ಆಗದೇ ಜನ ಸತ್ತಿದ್ದನ್ನು ಆಡಳಿತ ನೋಡಿತ್ತು. ಬೆಂಗಳೂರಿನಿಂದ ತುಮಕೂರಿಗೆ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಬಂದದ್ದು 1884ರಲ್ಲಿ. ಆಮೇಲೆ ಅದು ಅರಸೀಕೆರೆ, ಹರಿಹರ, ಹುಬ್ಬಳ್ಳಿ ಕಡೆ ಬೆಳೆಯಿತು. ಅಲ್ಲಿಂದಾಚೆ ತುಮಕೂರು ಕೊನೆಯ ನಿಲ್ದಾಣ ಆಗಿ ಉಳಿಯಲಿಲ್ಲ, ದಾರಿ ಮಧ್ಯದ ಊರಾಯಿತು. ಇದೇ ನಮ್ಮ ಅದೃಷ್ಟ. ಹುಬ್ಬಳ್ಳಿಗೆ, ಶಿವಮೊಗ್ಗಕ್ಕೆ, ಮುಂಬೈ ಕಡೆಗೆ ಅಂತ ಹಾಕಿದ ರೈಲುಗಳು ಸುಮ್ನೆ ನಮ್ಮೂರ ಮೇಲೇ ಹಾದು ಹೋಗುತ್ತವೆ. ನಾವು ಕೇಳದಿದ್ದರೂ ಸಿಕ್ಕ ರೈಲು ಅವು.

ಈಗ ಬೆಂಗಳೂರಿನಿಂದ ತುಮಕೂರಿನವರೆಗೆ, ಅಲ್ಲಿಂದ ಅರಸೀಕೆರೆವರೆಗೂ ಜೋಡಿ ಹಳಿ ಇದೆ. ಕರೆಂಟು ಬಂದಿದೆ. 2024ರಲ್ಲಿ ಮೆಮು, ಅಂದರೆ ಕರೆಂಟಿನ ಲೋಕಲ್ ಗಾಡಿ, ಓಡಲು ಶುರುವಾಯಿತು. ಅದೇ ವರ್ಷ ಬೆಂಗಳೂರು–ಧಾರವಾಡ ವಂದೇ ಭಾರತ್‌ಗೂ ಇಲ್ಲಿ ನಿಲುಗಡೆ ಸಿಕ್ಕಿತು. ಅಪ್ ಅಂಡ್ ಡೌನ್ ಮಾಡುವವರಿಗೆ ವಂದೇ ಭಾರತ್‌ನಿಂದ ಮೂರು ಕಾಸಿನ ಉಪಯೋಗ ಇಲ್ಲ ಬಿಡಿ. ಅದರಲ್ಲಿ ತಿಂಗಳ ಪಾಸ್ ನಡೆಯಲ್ಲ. ಮೆಮು, ಪ್ಯಾಸೆಂಜರ್, ಇಂಟರ್‌ಸಿಟಿ ಇವೇ ನಿಮ್ಮ ರೈಲು. ಸೂಪರ್‌ಫಾಸ್ಟ್ ಹತ್ತಬೇಕಾದರೆ ಪಾಸಿನ ಮೇಲೆ ಬೇರೆ ಸರ್‌ಚಾರ್ಜ್ ಕಟ್ಟಬೇಕು, ಅದನ್ನು ಪಾಸ್ ಮಾಡಿಸುವಾಗಲೇ ಕೇಳಿ.

ತುಮಕೂರಿನ ದೊಡ್ಡ ಅನುಕೂಲ ಯಶವಂತಪುರ. ಒಂದು ಗಂಟೆ, ಒಂದೂಕಾಲು ಗಂಟೆಗೆ ಅಲ್ಲಿ ಇಳಿದರೆ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೋ. ಪೀಣ್ಯ, ರಾಜಾಜಿನಗರ, ಮಲ್ಲೇಶ್ವರ ಕಡೆ ಕೆಲಸ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಸ್ಟೇಷನ್ ಇಲ್ಲ. ಪೀಣ್ಯ ಫ್ಲೈಓವರ್ 2021ರ ಡಿಸೆಂಬರ್‌ನಲ್ಲಿ ಮುಚ್ಚಿದಾಗ, ಆಮೇಲೆ ಬಹಳ ಕಾಲ ದೊಡ್ಡ ವಾಹನಗಳನ್ನು ಮೇಲೆ ಬಿಡದೇ ಇದ್ದಾಗ, ಬಸ್ಸಿನಲ್ಲಿ ಹೋಗುವವರ ಪಾಡು ಕೆಳಗಿನ ರಸ್ತೆಯಲ್ಲಿ ಹೇಳತೀರದು. ರೈಲಲ್ಲಿ ಹೋಗುವವರಿಗೆ ಅದರ ಬಿಸಿ ತಟ್ಟಲೇ ಇಲ್ಲ. ಎರಡು ದಾರಿ ಇರುವ ಊರಿನ ಬೆಲೆ ಇಂಥ ಹೊತ್ತಲ್ಲೇ ತಿಳಿಯೋದು.

ಕೊರತೆಗಳೂ ಇವೆ. ಐಟಿಪಿಎಲ್, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕೆಲಸ ಇದ್ದವರು ತುಮಕೂರಲ್ಲಿ ಮನೆ ಮಾಡಿದರೆ ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕು. ರೈಲು ಉಳಿಸಿದ ಸಮಯವನ್ನೆಲ್ಲ ಮೆಟ್ರೋ ತಿಂದುಹಾಕುತ್ತೆ. ಬೆಳಗಿನ ರೈಲುಗಳಲ್ಲಿ ತುಮಕೂರಿನಲ್ಲೇ ಸೀಟು ತುಂಬಿರುತ್ತೆ. ಕ್ಯಾತ್ಸಂದ್ರ, ಹಿರೇಹಳ್ಳಿ, ಡಾಬಸ್‌ಪೇಟೆಯಲ್ಲಿ ಹತ್ತುವವರು ನಿಂತೇ ಹೋಗೋದು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹತ್ತಿದರೆ ನಿಲ್ಲುವುದಕ್ಕೆ ಸ್ವಲ್ಪ ಶಕ್ತಿ ಬರುತ್ತೆ ಅನ್ನುವವರಿದ್ದಾರೆ, ಇರಲಿ.

ಕಾರ್ಖಾನೆ ಲೆಕ್ಕದಲ್ಲಿ ತುಮಕೂರಿಗೆ ಹೆದ್ದಾರಿ, ರೈಲು ಎರಡೂ ಒಂದೇ ಪಟ್ಟಿಯಲ್ಲಿ ಸಿಕ್ಕಿವೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ ಬೆಳೆದದ್ದು, 2020ರ ಡಿಸೆಂಬರ್‌ನಲ್ಲಿ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್‌ನ ನೋಡ್ (ಕಾರ್ಖಾನೆಗಳ ಕೇಂದ್ರ) ಆಗಿ ತುಮಕೂರಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು, ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆ ಆದದ್ದು, ಇವೆಲ್ಲ ಒಂದೇ ದಿನದಲ್ಲಿ ಆಗಿದ್ದಲ್ಲ. ಚೆನ್ನೈ ಕಾರಿಡಾರ್‌ನ ನೋಡ್ ಬೆಂಗಳೂರಿನ ಆಚೆ ಮಗ್ಗುಲಿಗೆ ಯಾಕೆ ಬಂತು ಅಂತ ಕೋಲಾರದವರು ಕೇಳಿದರೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಜಾಗ ಒಂದೇ ಕಡೆ ಸಿಕ್ಕಿದ್ದು ಒಂದು ಕಾರಣ, ದಾರಿ ಎಲ್ಲಾ ಕಡೆಗೂ ಇದ್ದದ್ದು ಇನ್ನೊಂದು ಅಂತ ನನ್ನ ಅಂದಾಜು.

ಕೋಲಾರ, ಅಥವಾ ಬಂಗಾರಪೇಟೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮೂರು ಜಿಲ್ಲೆಗಳಲ್ಲಿ ರೈಲಿನ ಕತೆ ಹೆಚ್ಚು ರುಚಿಯಾಗಿರುವುದು ಇಲ್ಲಿಯೇ, ಜನ ಮೋಸ ಹೋಗುವುದೂ ಇಲ್ಲಿಯೇ.

ಮದರಾಸಿನ ಕಡೆಯಿಂದ ಜೋಲಾರ್‌ಪೇಟೆ ಮೇಲೆ ಬಂದ ಬ್ರಾಡ್‌ಗೇಜ್ (ಅಗಲ ಹಳಿ) 1864ರಲ್ಲಿ ಬೆಂಗಳೂರು ದಂಡು ತಲುಪಿತು. ಆ ಮಾರ್ಗ ಹಾಕಿದವರ ಕಣ್ಣು ಇದ್ದದ್ದು ಮದರಾಸಿನ ಬಂದರಿನ ಮೇಲೆ, ಬೆಂಗಳೂರಿನ ದಂಡಿನ ಮೇಲೆ. ಕೋಲಾರ ಪಟ್ಟಣ ಅದರಿಂದ 18 ಕಿ.ಮೀ. ದೂರ ಉಳಿಯಿತು. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಎದ್ದಿತು, ಇವತ್ತಿನ ಬಂಗಾರಪೇಟೆ. ಚಿನ್ನದ ಗಣಿ ಜೋರಾದ ಮೇಲೆ ಅಲ್ಲಿಂದ ಮಾರಿಕುಪ್ಪಂಗೆ ಸುಮಾರು 16 ಕಿ.ಮೀ. ಉದ್ದದ ಕವಲು ಹಳಿ ಬಂತು, 1894ರಲ್ಲಿ. ಜಿಲ್ಲಾ ಕೇಂದ್ರವಾದ ಕೋಲಾರಕ್ಕೆ ರೈಲು ಬಂದದ್ದು 1913ರಲ್ಲಿ, ಅದೂ ನ್ಯಾರೋಗೇಜ್. ಗಣಿಗೆ ಬ್ರಾಡ್‌ಗೇಜ್, ಜಿಲ್ಲಾ ಕೇಂದ್ರಕ್ಕೆ ಆಮೇಲೆ ಎರಡೂವರೆ ಅಡಿ ಅಗಲದ ಪುಟ್ಟ ಹಳಿ. ಸಾಗಿಸಲು ಬೆಲೆಬಾಳುವ ಸರಕು ಇದ್ದ ಕಡೆ ಹಳಿ ಮೊದಲು ಹೋಗುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಆ ನ್ಯಾರೋಗೇಜ್ ಮುಂದೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿ ಮೇಲೆ ಯಲಹಂಕಕ್ಕೆ ಸೇರಿತು. ಪೂರ್ತಿ ಸುಮಾರು 150 ಕಿ.ಮೀ. ಗೇಜ್ ಬೇರೆ ಆದ್ದರಿಂದ ಸರಕು ಬಂಗಾರಪೇಟೆಯಲ್ಲಿ ಇಳಿಸಿ ಮತ್ತೆ ಹತ್ತಿಸಬೇಕು. ಇಳಿಸಿ ಹತ್ತಿಸುವ ಕೂಲಿ, ತಡ, ಒಡೆದುಹೋಗೋದು ಎಲ್ಲಾ ಸೇರಿ ವ್ಯಾಪಾರಿಗಳು ಲಾರಿಯ ಕಡೆ ತಿರುಗಿದರು. ಎರಡೂ ತುದಿ ಮೊದಲು ಬ್ರಾಡ್‌ಗೇಜ್ ಆದವು. ನಡುವಿನ ಕೋಲಾರ–ಚಿಕ್ಕಬಳ್ಳಾಪುರ ತುಂಡು 2013ರ ನವೆಂಬರ್‌ವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮಾರುಕಟ್ಟೆಯೆಲ್ಲ ರಸ್ತೆಗೆ ಒಗ್ಗಿಹೋಗಿತ್ತು. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ಶಿಡ್ಲಘಟ್ಟದ ರೇಷ್ಮೆಗೂಡು ಎಲ್ಲವೂ ಹಳಿಯ ಪಕ್ಕದ ಊರಿನವೇ, ಆದರೆ ಹಳಿ ಹತ್ತಲ್ಲ. ಸಾಯಂಕಾಲ ಹರಾಜಾದ ಟೊಮೆಟೊ ಕ್ರೇಟು ರಾತ್ರಿಯೇ ಲಾರಿಯಲ್ಲಿ ಹೊರಡಬೇಕು. ಕ್ರಾಸಿಂಗ್‌ಗೆ ಕಾಯುವ ಗೂಡ್ಸ್ ಗಾಡಿಯನ್ನು ಟೊಮೆಟೊ ಕಾಯುತ್ತಾ?

ಈಗ ಮನೆ ಮಾಡುವವರ ಲೆಕ್ಕ. ಕೋಲಾರ ಪಟ್ಟಣದಿಂದ ಬೆಂಗಳೂರಿಗೆ ರೈಲಲ್ಲಿ ಹೋಗಬೇಕಾದರೆ ಮೊದಲು ತಿರುಗಿ ಬಂಗಾರಪೇಟೆಗೆ ಬರಬೇಕು, ಅಲ್ಲಿಂದ ಬೆಂಗಳೂರಿಗೆ 70 ಕಿ.ಮೀ. ಇನ್ನೊಂದು ದಾರಿ ಚಿಕ್ಕಬಳ್ಳಾಪುರ ಸುತ್ತಿಕೊಂಡು ಹೋಗೋದು, ಅದಂತೂ ಇನ್ನೂ ದೂರ. ಬಸ್ಸು ಹೊಸಕೋಟೆ ಮೇಲೆ ನೆಟ್ಟಗೆ ಹೋಗುತ್ತೆ. ಬಂಗಾರಪೇಟೆಯಲ್ಲಿ ಕೋಲಾರದ ಗಾಡಿಯಿಂದ ಇಳಿದವರನ್ನು ಒಮ್ಮೆ ನೋಡಬೇಕು. ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಓವರ್‌ಬ್ರಿಡ್ಜ್ ಹತ್ತುವ ಹುಡುಗಿಯರು, ಆ ಕಡೆ ಪ್ಲಾಟ್‌ಫಾರಂನಲ್ಲಿ ನಿಂತಿರುವ ಮೇನ್ ಲೈನಿನ ಗಾಡಿ. ಸಿಗ್ನಲ್ ಬಿದ್ದರೆ ಅದು ಕಾಯಲ್ಲ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮುಂದಿನದು. ಬಂಗಾರಪೇಟೆ–ಕೋಲಾರ ನಡುವೆ ಎಷ್ಟೋ ವರ್ಷ ಓಡಿದ್ದು ರೈಲ್‌ಬಸ್, ಹಳಿ ಮೇಲೆ ಓಡುವ ಒಂದೇ ಬೋಗಿ. ಒಂದು ಜಿಲ್ಲಾ ಕೇಂದ್ರಕ್ಕೆ ಒಂದು ಬೋಗಿ.

ಅದೇ ಬಂಗಾರಪೇಟೆಯಲ್ಲೋ ಟೇಕಲ್‌ನಲ್ಲೋ ಮಾಲೂರಿನಲ್ಲೋ ಮನೆ ಇದ್ದರೆ ಕತೆಯೇ ಬೇರೆ. ಜೋಡಿ ಹಳಿ, ಚೆನ್ನೈ ಮಾರ್ಗ. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್‌ನ (ಭಾರತ್ ಗೋಲ್ಡ್ ಮೈನ್ಸ್) ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಉಳಿದದ್ದೇ ಈ ಹಳಿಯಿಂದ ಅಂದರೆ ಹೆಚ್ಚಲ್ಲ. ಕೆಲಸ ಕಳೆದುಕೊಂಡ ಮನೆಗಳ ಮಕ್ಕಳು ಬೆಳಗಿನ ಜಾವ ಮಾರಿಕುಪ್ಪಂನಲ್ಲಿ, ಚಾಂಪಿಯನ್‌ನಲ್ಲಿ, ಉರಿಗಾಂನಲ್ಲಿ ರೈಲು ಹತ್ತಿ ಬೆಂಗಳೂರಿನ ಕಾರ್ಖಾನೆ, ಆಸ್ಪತ್ರೆ, ಮಾಲ್‌ಗಳಿಗೆ ಹೋಗಲು ಶುರು ಮಾಡಿದರು. ಇವತ್ತಿಗೂ ಹೋಗುತ್ತಿದ್ದಾರೆ. ಚಿನ್ನ ಹೊರಲು ಹಾಕಿದ ಹಳಿ ನೂರು ವರ್ಷದ ಮೇಲೆ ದುಡಿಯುವ ಜನರನ್ನು ಹೊರುತ್ತಿದೆ. ಆ ಹಳಿ ಇಲ್ಲದಿದ್ದರೆ ಊರು ಖಾಲಿ ಆಗುತ್ತಿತ್ತು.

2023ರಲ್ಲಿ ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡ್ ಕಾಡುಗೋಡಿವರೆಗೆ ಬಂದ ಮೇಲೆ ಈ ಪಟ್ಟಿಯ ಬೆಲೆ ಇನ್ನೂ ಹೆಚ್ಚಿದೆ. ರೈಲು ನಿಲ್ದಾಣದ ಪಕ್ಕದಲ್ಲೇ ಮೆಟ್ರೋ. ಮಾಲೂರಿನಿಂದ ವೈಟ್‌ಫೀಲ್ಡ್‌ಗೆ ರೈಲಲ್ಲಿ ಸುಮಾರು 20 ಕಿ.ಮೀ. ಅಷ್ಟೆ. ಐಟಿ ಕಂಪನಿಯಲ್ಲಿ ಕೆಲಸ, ಕೈಗೆಟುಕುವ ಮನೆ ಬೇಕು ಅನ್ನುವವರು ಮೂರು ಜಿಲ್ಲಾ ಕೇಂದ್ರಗಳನ್ನೂ ಬಿಟ್ಟು ಮೊದಲು ಮಾಲೂರನ್ನು ನೋಡಲಿ ಅಂತ ನಾನು ಹೇಳುತ್ತೇನೆ. ತೊಂದರೆ ಏನೆಂದರೆ ಚೆನ್ನೈ ಮಾರ್ಗ ತುಂಬಿ ತುಳುಕುತ್ತಿದೆ. ದಂಡಿನಿಂದ ವೈಟ್‌ಫೀಲ್ಡ್‌ವರೆಗೆ ನಾಲ್ಕು ಹಳಿ ಮಾಡುವ ಕೆಲಸ ವರ್ಷಗಟ್ಟಲೆ ಎಳೆದಾಡಿತು. ಸಂಜೆ ಬೈಯಪ್ಪನಹಳ್ಳಿ ಹತ್ತಿರ, ಕೆ.ಆರ್. ಪುರದ ಹತ್ತಿರ ಲೋಕಲ್ ಗಾಡಿಯನ್ನು ನಿಲ್ಲಿಸಿ ಎಕ್ಸ್‌ಪ್ರೆಸ್ ಬಿಡೋದು ಈ ದಾರಿಯಲ್ಲಿ ಓಡಾಡುವವರಿಗೆಲ್ಲ ಗೊತ್ತು.

ಇನ್ನು ಕೋಲಾರದ ಕಾರ್ಖಾನೆಗಳ ವಿಷಯ. ನರಸಾಪುರ, ವೇಮಗಲ್ ಕಡೆ ಬಂದ ದೊಡ್ಡ ಕಾರ್ಖಾನೆಗಳು ಹಳಿ ನೋಡಿ ಬಂದದ್ದಲ್ಲ. ಹೋಂಡಾ ಸ್ಕೂಟರ್, ಐಫೋನ್ ಜೋಡಿಸುವ ಘಟಕ, ಎಲ್ಲಾ ಹೆದ್ದಾರಿ 75 ಅಗಲವಾದದ್ದನ್ನು ನೋಡಿ ಬಂದವು. ನಮ್ಮಕ್ಕನ ಮಗ ಆ ಕಡೆ ಒಂದು ಕಾರ್ಖಾನೆಯಲ್ಲಿ ಇದ್ದಾನೆ. ಕಂಪನಿ ಬಸ್ಸೇ ಊರೂರಿಗೆ ಬಂದು ಕೆಲಸಗಾರರನ್ನು ಹತ್ತಿಸಿಕೊಳ್ಳುತ್ತೆ, ರೈಲಿನ ಮಾತೇ ಅವನ ಬಾಯಲ್ಲಿ ಬರಲ್ಲ. ನರಸಾಪುರದಲ್ಲಿ ಕೆಲಸ ಇದ್ದವರಿಗೆ ಕೋಲಾರ ಪಟ್ಟಣವೇ ಸರಿ. ರೈಲು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಚಿಕ್ಕಬಳ್ಳಾಪುರ, ಅಥವಾ ಗೌರಿಬಿದನೂರು

ಚಿಕ್ಕಬಳ್ಳಾಪುರ ರಸ್ತೆಯ ಊರು. ಹೆದ್ದಾರಿ 44ರಲ್ಲಿ ವಿಮಾನ ನಿಲ್ದಾಣ, ದೇವನಹಳ್ಳಿ ದಾಟಿ ಹೋದರೆ ಬಂತು. ಬೆಳಿಗ್ಗೆ ಬೇಗ ಹೊರಟರೆ ಬಸ್ಸು ಹೆಬ್ಬಾಳದವರೆಗೆ ಸಲೀಸು. ಹೆಬ್ಬಾಳದ ನಂತರ ದೇವರೇ ಗತಿ.

ರೈಲು ಇದೆ. ಕರೆಂಟೂ ಬಂದಿದೆ. ಆದರೆ ಯಲಹಂಕದಿಂದ ಮುಂದಕ್ಕೆ ಒಂಟಿ ಹಳಿ, ದಿನಕ್ಕೆ ಬೆರಳೆಣಿಕೆಯ ಗಾಡಿ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಹಾಲ್ಟ್ ಸ್ಟೇಷನ್ ತೆರೆದಾಗ ಎಲ್ಲಾ ಪೇಪರಿನಲ್ಲೂ ಸುದ್ದಿ. ಹತ್ತಿಪ್ಪತ್ತು ರೂಪಾಯಿಗೆ ಏರ್‌ಪೋರ್ಟ್ ಅಂದರು. ಮಾತು ಸುಳ್ಳಲ್ಲ. ಆದರೆ ವಿಮಾನದ ಹೊತ್ತಿಗೂ ರೈಲಿನ ಹೊತ್ತಿಗೂ ಹೊಂದಿಕೆ ಆಗಬೇಕಲ್ಲ? ಹಾಲ್ಟ್ ಕಟ್ಟುವುದು ಸುಲಭ. ಅರ್ಧ ಗಂಟೆಗೊಂದು ರೈಲು ಓಡಿಸಲು ಎರಡನೇ ಹಳಿ ಬೇಕು.

ಈ ಮಾರ್ಗದ ಚಂದ ಮಾತ್ರ ಬೇರೆ ಯಾವುದಕ್ಕೂ ಇಲ್ಲ. ನಂದಿ ಹಾಲ್ಟ್, ಆವತಿ, ದೊಡ್ಡಜಾಲ, ದೇವನಹಳ್ಳಿಯ ಹಳೇ ಕಲ್ಲಿನ ಸ್ಟೇಷನ್ ಕಟ್ಟಡಗಳನ್ನು ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟಾಕ್ ಸಂಸ್ಥೆಯವರು ಕೈಗೆತ್ತಿಕೊಂಡು ದುರಸ್ತಿ ಮಾಡಿದ್ದಾರೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಖುಷಿ ಪಡುತ್ತಾರೆ. ಸೋಮವಾರದ ಆಫೀಸಿಗೆ ನಂಬಬೇಡಿ.

ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಆಗ ಗೌರಿಬಿದನೂರು ಈ ಹೊಸ ಜಿಲ್ಲೆಗೆ ಸೇರಿತು. ಅದರ ರೈಲು ಮಾತ್ರ ಯಾವತ್ತೂ ಈ ಕಡೆಗಿರಲಿಲ್ಲ. ಯಲಹಂಕ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ ಮೇಲೆ ಹಿಂದೂಪುರ, ಗುಂತಕಲ್ ಕಡೆ ಹೋಗುವ ಮಾರ್ಗ ಅದು. ಹೈದರಾಬಾದ್, ದೆಹಲಿ, ಮುಂಬೈ ಕಡೆಯ ಗಾಡಿಗಳು ಓಡುವ ಜೋಡಿ ಹಳಿ. ತೊಂಡೇಬಾವಿಯಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದು ಸುಮ್ನೆ ಅಲ್ಲ. ಸಿಮೆಂಟ್‌ಗೆ ಹಳಿ ಬೇಕೇ ಬೇಕು. ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರದ ಕಡೆ ಕೆಲಸ ಇದ್ದವರಿಗೆ ಗೌರಿಬಿದನೂರು ಒಳ್ಳೆಯ ಆಯ್ಕೆ. ಸೈಟ್ ಬೆಲೆ ಚಿಕ್ಕಬಳ್ಳಾಪುರದಷ್ಟು ಏರಿಲ್ಲ. ಏರದೇ ಇರುವುದಕ್ಕೆ ಕಾರಣ ಅಲ್ಲಿಂದ ನಂದಿ ಬೆಟ್ಟವೂ ಏರ್‌ಪೋರ್ಟೂ ಬ್ರೋಶರ್‌ನಲ್ಲಿ ಹಾಕುವಷ್ಟು ಹತ್ತಿರ ಇಲ್ಲ, ಅಷ್ಟೇ ಅಂತ ನನಗನಿಸುತ್ತೆ. ಒಂದು ಎಚ್ಚರಿಕೆ: ದೂರದ ಎಕ್ಸ್‌ಪ್ರೆಸ್‌ಗಳೆಲ್ಲ ಗೌರಿಬಿದನೂರಲ್ಲಿ ನಿಲ್ಲಲ್ಲ. ಹಾದು ಹೋಗುವ ರೈಲನ್ನು ಎಣಿಸಬೇಡಿ, ನಿಲ್ಲುವ ರೈಲನ್ನು ಎಣಿಸಿ.

ಬರುತ್ತೆ ಬರುತ್ತೆ ಅನ್ನುವ ರೈಲುಗಳು

ಬ್ರೋಕರ್‌ಗಳ ಬಾಯಲ್ಲಿ ಹೆಚ್ಚು ಓಡುವ ರೈಲು ಸಬ್‌ಅರ್ಬನ್, ಅಂದರೆ ಬೆಂಗಳೂರಿನ ಉಪನಗರ ರೈಲು. ಅದರ ನಿಜ ಇಷ್ಟು: 2020ರಲ್ಲಿ ಕೇಂದ್ರ ಒಪ್ಪಿದ ಯೋಜನೆ ಒಟ್ಟು 148 ಕಿ.ಮೀ., ನಾಲ್ಕು ಮಾರ್ಗ, ಹೂವಿನ ಹೆಸರುಗಳು. ಸಂಪಿಗೆ ಬೆಂಗಳೂರು ಸಿಟಿಯಿಂದ ದೇವನಹಳ್ಳಿಗೆ, ಮಲ್ಲಿಗೆ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ, ಪಾರಿಜಾತ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ, ಕನಕ ಹೀಲಲಿಗೆಯಿಂದ ರಾಜಾನುಕುಂಟೆಗೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ನಕ್ಷೆ ಬಿಡಿಸಿ ನೋಡಿ. ಇದರಲ್ಲಿ ತುಮಕೂರೂ ಇಲ್ಲ, ಕೋಲಾರವೂ ಇಲ್ಲ, ಚಿಕ್ಕಬಳ್ಳಾಪುರವೂ ಇಲ್ಲ. ಮೂರೂ ಕಡೆಗೆ ವಿಸ್ತರಿಸಿ ಅನ್ನುವ ಬೇಡಿಕೆ ಇದೆ. ಬೇಡಿಕೆಯ ಮೇಲೆ ರೈಲು ಓಡಲ್ಲ. ನನಗೆ ಪರಿಚಯದ ಒಬ್ಬರು ಸಬ್‌ಅರ್ಬನ್ ಬರುತ್ತೆ ಅಂತ ಒಂದು ಲೇಔಟ್‌ನವರು ಹೇಳಿದ್ದನ್ನು ನಂಬಿ ಸೈಟ್ ತೆಗೆದುಕೊಂಡರು. ಈಗ ಅಲ್ಲಿಂದ ಸ್ಟೇಷನ್‌ಗೆ ಆಟೋದವರೂ ಬರಲ್ಲ.

ಹೊಸ ಮಾರ್ಗಗಳ ಗತಿಯೂ ಹೀಗೆಯೇ. ತುಮಕೂರು–ರಾಯದುರ್ಗ 207 ಕಿ.ಮೀ., ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ. ಮಂಜೂರಾದದ್ದು 2007-08ರಲ್ಲಿ. ಶಿರಾ, ಹಿರಿಯೂರು ಮೇಲೆ ಹೋಗುವ ತುಮಕೂರು–ಚಿತ್ರದುರ್ಗ–ದಾವಣಗೆರೆ 191 ಕಿ.ಮೀ., ಅದು 2011-12ರದು. ಎರಡಕ್ಕೂ ರಾಜ್ಯ ಅರ್ಧ ಖರ್ಚು ಹಾಕಿ ಜಮೀನನ್ನೂ ಕೊಡಬೇಕು ಅನ್ನುವ ಲೆಕ್ಕ. ಜಮೀನು ಹಿಡಿಯುವುದರಲ್ಲೇ ವರ್ಷಗಳು ಹೋದವು. 2024ರಿಂದ ತುಮಕೂರಿನ ಸಂಸದ ವಿ. ಸೋಮಣ್ಣ ಅವರೇ ರೈಲ್ವೆ ರಾಜ್ಯ ಸಚಿವರಾದ ಮೇಲೆ ಕೆಲಸಕ್ಕೆ ಚುರುಕು ಬಂತು. ಅದು ಒಳ್ಳೆಯದೇ. ಆದರೆ ಕೋಲಾರದ ಸಂಸದರಾಗಿದ್ದ ಕೆ.ಎಚ್. ಮುನಿಯಪ್ಪ ಅವರೂ 2009ರಿಂದ 2012ರವರೆಗೆ ಅದೇ ಖಾತೆಯಲ್ಲಿ ಇದ್ದರು. ಆ ಕಾಲದಲ್ಲಿ ಕೋಲಾರಕ್ಕೆ ಘೋಷಣೆಗಳ ಮಳೆಯೇ ಸುರಿಯಿತು: ವೈಟ್‌ಫೀಲ್ಡ್–ಕೋಲಾರ ಹೊಸ ಮಾರ್ಗ, ಶ್ರೀನಿವಾಸಪುರ–ಮದನಪಲ್ಲಿ, ಮಾರಿಕುಪ್ಪಂ–ಕುಪ್ಪಂ, ಕೋಚ್ ಫ್ಯಾಕ್ಟರಿ. ಶಿಡ್ಲಘಟ್ಟದ ಕಡೆಯ ಗೇಜ್ ಬದಲಾವಣೆ ಮುಗಿಯಿತು, ಅದು ದೊಡ್ಡ ಕೆಲಸವೇ. ವೈಟ್‌ಫೀಲ್ಡ್–ಕೋಲಾರ ಆಗಿದ್ದಿದ್ದರೆ ನಾನು ಈ ಲೇಖನವನ್ನು ಬೇರೆ ರೀತಿ ಬರೆಯಬೇಕಿತ್ತು. ಕೋಚ್ ಫ್ಯಾಕ್ಟರಿಯಿಂದ ಒಂದು ಕೋಚೂ ಹೊರಬಂದಿಲ್ಲ. ಮಂತ್ರಿ ನಮ್ಮವರಾದರೆ ಘೋಷಣೆ ಬೇಗ ಬರುತ್ತೆ. ಹಳಿ ಬರುವುದಕ್ಕೆ ಮಂತ್ರಿಯ ಅವಧಿ ಸಾಲಲ್ಲ.

ಬೆಂಗಳೂರಿನ ಸುತ್ತ 287 ಕಿ.ಮೀ. ಉದ್ದದ ವರ್ತುಲ ರೈಲಿನ ಮಾತೂ ಇದೆ. ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ, ಸೋಲೂರು ಸುತ್ತಿ ಮತ್ತೆ ನಿಡವಂದಕ್ಕೆ. ಇದು ಆದರೆ ಗೂಡ್ಸ್ ಗಾಡಿಗಳು ನಗರದ ಒಳಗೆ ಬರದೇ ಹೊರಗಿನಿಂದಲೇ ಹೋಗಬಹುದು, ಒಳಗಿನ ಹಳಿ ಲೋಕಲ್‌ಗಳಿಗೆ ಬಿಡುವಾಗುತ್ತೆ. ನನ್ನ ಕಣ್ಣಿಗೆ ಮೂರೂ ಜಿಲ್ಲೆಗೆ ಹೆಚ್ಚು ಲಾಭ ಕೊಡುವ ಯೋಜನೆ ಇದೇ, ಇದರಲ್ಲಿ ಮೂರು ಜಿಲ್ಲಾ ಕೇಂದ್ರಗಳಲ್ಲಿ ಒಂದೂ ಇಲ್ಲದಿದ್ದರೂ. ಆದರೆ ಮಾತು ಶುರುವಾಗಿರುವುದೇ ಸಮೀಕ್ಷೆಯಿಂದ. ಇದನ್ನು ನಂಬಿ ಇವತ್ತು ಮಾಲೂರಲ್ಲಿ ಸೈಟ್ ತೆಗೆಯಬೇಡಿ. ಮಾಲೂರಿಗೆ ಇವತ್ತು ಇರುವ ರೈಲನ್ನು ನಂಬಿ ಬೇಕಾದರೆ ತೆಗೆಯಿರಿ.

ಘೋಷಣೆ ಗಟ್ಟಿಯೋ ಪೊಳ್ಳೋ ಅಂತ ನೀವೇ ನೋಡಬಹುದು. ಪ್ರತಿ ವರ್ಷ ಬಜೆಟ್ ಆದ ಮೇಲೆ ರೈಲ್ವೆ ಪ್ರತಿ ವಲಯಕ್ಕೂ ಪಿಂಕ್ ಬುಕ್ ಹೊರಡಿಸುತ್ತೆ. ನಮ್ಮದು ನೈಋತ್ಯ ರೈಲ್ವೆ. ಅದರಲ್ಲಿ ಪ್ರತಿ ಮಾರ್ಗದ ಮುಂದೆ ಆ ವರ್ಷ ಎಷ್ಟು ಹಣ ಅಂತ ಇರುತ್ತೆ, ಲೆಕ್ಕ ಸಾವಿರ ರೂಪಾಯಿಗಳಲ್ಲಿ. ಕೆಲವು ಮಾರ್ಗಗಳ ಮುಂದೆ ಬರೀ 1 ಅಂತ ಇರುತ್ತೆ. ಅಂದರೆ ಆ ವರ್ಷಕ್ಕೆ ಸಾವಿರ ರೂಪಾಯಿ. ಸತ್ತಿಲ್ಲ ಅಂತ ತೋರಿಸುವುದಕ್ಕೆ ಇಟ್ಟ ಹಣ ಅದು. ನಿಮ್ಮ ಲೇಔಟ್‌ನವರು ಹೇಳುವ ಮಾರ್ಗದ ಮುಂದೆ ಎಷ್ಟಿದೆ ನೋಡಿ.

ಹಾಗಾದರೆ ಯಾರಿಗೆ ಯಾವುದು

ಪೀಣ್ಯ, ಯಶವಂತಪುರ, ಮೆಜೆಸ್ಟಿಕ್ ಕಡೆ ಕೆಲಸ ಇದ್ದರೆ ಕಣ್ಣು ಮುಚ್ಚಿ ತುಮಕೂರು. ಸ್ಟೇಷನ್ನಿಗೆ ಹತ್ತಿರ ಬೆಲೆ ಏರಿದ್ದರೆ ಕ್ಯಾತ್ಸಂದ್ರ. ವೈಟ್‌ಫೀಲ್ಡ್, ಕೆ.ಆರ್. ಪುರ ಆದರೆ ಮಾಲೂರು, ಬಜೆಟ್ ಕಮ್ಮಿ ಇದ್ದರೆ ಟೇಕಲ್ ಅಥವಾ ಬಂಗಾರಪೇಟೆ. ಸಂಜೆ ರೈಲು ತಡವಾದರೆ ಬಂಗಾರಪೇಟೆಯ ಬಿಳಿ ನೀರಿನ ಪಾನಿಪೂರಿ ಸಿಗುತ್ತೆ ಅನ್ನುವ ಲಾಭವೂ ಉಂಟು. ಏರ್‌ಪೋರ್ಟ್, ದೇವನಹಳ್ಳಿ ಕಡೆ ಕೆಲಸ ಆದರೆ ಚಿಕ್ಕಬಳ್ಳಾಪುರ, ಬಸ್ಸು ನಂಬಿ, ರೈಲು ಬೋನಸ್. ಯಲಹಂಕ ಅಥವಾ ದೊಡ್ಡಬಳ್ಳಾಪುರ ಆದರೆ ಗೌರಿಬಿದನೂರು. ಎಲೆಕ್ಟ್ರಾನಿಕ್ ಸಿಟಿಯವರು ಈ ಮೂರು ದಿಕ್ಕನ್ನೂ ಬಿಟ್ಟುಬಿಡಿ.

ಶೆಡ್ ಹುಡುಕುವವರು ಮೊದಲು ಸರಕಿನ ತೂಕ ನೋಡಿ. ಲಾರಿಯಲ್ಲಿ ದಿನಕ್ಕೆ ಒಂದೆರಡು ಲೋಡ್ ಅಷ್ಟೇ ಆದರೆ ರೈಲು ಇದ್ದರೇನು, ಬಿಟ್ಟರೇನು. ನರಸಾಪುರ, ವೇಮಗಲ್, ವಸಂತನರಸಾಪುರ ಮೂರೂ ಸರಿ, ನಿಮ್ಮ ಗಿರಾಕಿ ಯಾವ ಕಡೆ ಇದ್ದಾರೋ ಆ ಕಡೆ ಹೋಗಿ. ಕಂಟೇನರ್‌ನಲ್ಲಿ ಚೆನ್ನೈ ಬಂದರಿಗೆ ಕಳಿಸುವವರಿಗೆ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋ ಹತ್ತಿರ ಇರುವುದರಿಂದ ಮಾಲೂರು ಪಟ್ಟಿ ಲಾಭ. ಕೆಲಸಗಾರರು ಮುಖ್ಯ ಅನ್ನುವವರು ಮಾತ್ರ ರೈಲು ನೋಡಲೇಬೇಕು. ಕೆಜಿಎಫ್ ಕಡೆಯಿಂದ ಬರುವ ಹುಡುಗರು ಸ್ಟೇಷನ್‌ನಿಂದ ನಡೆದು ಬರುವಷ್ಟು ಹತ್ತಿರ ಇದ್ದರೆ ನಿಮ್ಮ ಹತ್ತಿರ ನಿಲ್ಲುತ್ತಾರೆ. ಇಲ್ಲದಿದ್ದರೆ ಇನ್ನೊಬ್ಬರ ಕಂಪನಿ ಬಸ್ಸು ಹತ್ತುತ್ತಾರೆ.

ಅಡ್ವಾನ್ಸ್ ಕೊಡುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಆ ಸ್ಟೇಷನ್‌ನಿಂದ ಬೆಳಿಗ್ಗೆ ಹತ್ತರೊಳಗೆ ಬೆಂಗಳೂರು ಮುಟ್ಟುವ ಗಾಡಿ ಎಷ್ಟು, ಸಂಜೆ ಐದರ ನಂತರ ವಾಪಸ್ ಬರುವ ಗಾಡಿ ಎಷ್ಟು, ಕೊನೆಯದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಬೆಳಿಗ್ಗೆ ಮೂರಕ್ಕಿಂತ ಕಮ್ಮಿ ಇದ್ದರೆ ಅದನ್ನು ರೈಲು ಇರುವ ಊರು ಅಂತ ಲೆಕ್ಕ ಹಾಕಬೇಡಿ. ಕೊನೆಯ ರೈಲು ತಪ್ಪಿದರೆ ಬಸ್ಸು ಸಿಗುತ್ತಾ ಅಂತಲೂ ನೋಡಿ. ತುಮಕೂರಿಗೆ ಉತ್ತರ ಕರ್ನಾಟಕದ ಬಸ್ಸುಗಳ ದಯೆಯಿಂದ ರಾತ್ರಿಯಿಡೀ ಸಿಗುತ್ತೆ. ಕೋಲಾರಕ್ಕೆ ತಿರುಪತಿ ಬಸ್ಸುಗಳಿವೆ, ಚಿಕ್ಕಬಳ್ಳಾಪುರಕ್ಕೆ ಅನಂತಪುರ, ಹೈದರಾಬಾದ್ ಕಡೆಯವು. ಮಾಲೂರಿಗೂ ಗೌರಿಬಿದನೂರಿಗೂ ಆ ಹೊತ್ತಿನಲ್ಲಿ ಕಷ್ಟ. ಇಷ್ಟಾದ ಮೇಲೆ ಬ್ರೋಕರ್ ಕಾರಿನಲ್ಲಿ ಭಾನುವಾರ ಹೋಗುವ ಬದಲು ಒಂದು ಸೋಮವಾರ ಬೆಳಿಗ್ಗೆ ನೀವೇ ಆ ಸ್ಟೇಷನ್‌ನಲ್ಲಿ ರೈಲು ಹತ್ತಿ ಆಫೀಸಿಗೆ ಹೋಗಿ ನೋಡಿ. ಸೈಟ್‌ನಿಂದ ಪ್ಲಾಟ್‌ಫಾರಂವರೆಗಿನ ನಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ.